ತಂಗಿಯ ಸಮುದ್ರದಲ್ಲಿ ನಾನು ಕಂಡ ತಪ್ಪು

ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಸುತ್ತಿ ಬಳಸುವ ಕಷ್ಟ ತಪ್ಪುತ್ತದೆ. ನಾನು ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಅವಳು ಕರಾವಳಿಯ ಒಂದು ಸಂಸ್ಥೆಯಲ್ಲಿ ಸಮುದ್ರ ವಿಜ್ಞಾನಿ. ಕೆರೆ ತುಂಬಿದರೆ ಬಾಗಿನ ಬಿಡುವ ಊರಲ್ಲಿ ಹುಟ್ಟಿ ಸಮುದ್ರ ಓದಿಕೊಂಡಳಲ್ಲ ಎಂದು ಜನ ಹೊಗಳುವಾಗ, ಅವಳ ಕಣ್ಣಿಗೆ ಮೊದಲು ಮೈಕ್ರೋಸ್ಕೋಪು ಹಿಡಿದವಳು ನಾನು ಎಂದು ಕೂಗಿ ಹೇಳಬೇಕು ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಎಂ.ಎಸ್ಸಿ.ಗೆ ನನಗೂ ಸೀಟು ಸಿಕ್ಕಿತ್ತು. ಬೇಡ ಎಂದು ಯಾರೂ ಅನ್ನಲಿಲ್ಲ. ಬೇಗ ಕೆಲಸ ಸಿಗಲಿ ಎಂದು ನಾನೇ ಬಿ.ಎಡ್.ಗೆ ಸೇರಿಕೊಂಡೆ. ಬೈಯೋಣವೆಂದರೆ ನನ್ನನ್ನು ಬಿಟ್ಟು ಇನ್ನೊಬ್ಬರು ಸಿಗುವುದಿಲ್ಲ.

ಹೋದ ವರ್ಷ ಅವಳು ಒಂದು ವಾರ ರಜೆ ಹಾಕಿ ಬಂದಿದ್ದಳು. ಸಂಶೋಧನೆಯ ಹಡಗೊಂದು ಎರಡು ತಿಂಗಳು ಅರಬ್ಬೀ ಸಮುದ್ರಕ್ಕೆ ಹೋಗುವುದಿತ್ತು. ಯಾರನ್ನು ಹತ್ತಿಸಬೇಕೆಂದು ರಜೆ ಮುಗಿದ ಸೋಮವಾರ ಅವಳ ಸಂಸ್ಥೆಯ ಹಿರಿಯರು ಕೂತು ತೀರ್ಮಾನಿಸುವವರಿದ್ದರು. ಅವತ್ತು ಅವರ ಮುಂದೆ ಅವಳು ತನ್ನ ಕೆಲಸ ಒಪ್ಪಿಸಬೇಕಿತ್ತು. ಇಷ್ಟು ವರ್ಷ ದಡದಲ್ಲಿ ಕೂತು ಬೇರೆಯವರು ತಂದುಕೊಟ್ಟ ನೀರನ್ನೇ ನೋಡಿದವಳಿಗೆ ಆ ಹಡಗು ಅಂದರೆ ಪ್ರಾಣ. ಅಮ್ಮ ಆಗಲೇ ಸಿದ್ದರಬೆಟ್ಟಕ್ಕೆ ಹರಕೆ ಹೊತ್ತಾಗಿತ್ತು.

ಗುರುವಾರ ಸಂಜೆ, ನಾನು ಶಾಲೆಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ, ತಂಗಿ ಲ್ಯಾಪ್‌ಟಾಪ್ ತಂದು ಎದುರಿಗಿಟ್ಟಳು. ಒಂದು ಸಲ ನೋಡಕ್ಕಾ, ತಪ್ಪಿದ್ದರೆ ಹೇಳು ಅಂದಳು. ದೊಡ್ಡ ಮೀನು ಚಿಕ್ಕ ಮೀನನ್ನು ತಿನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಆ ಚಿಕ್ಕ ಮೀನಿಗಿಂತ ಎಷ್ಟೋ ಕೆಳಗೆ, ಬರಿಗಣ್ಣಿಗೆ ಕಾಣದ ಒಂದೇ ಕೋಶದ ಜೀವಿಗಳಲ್ಲೂ ಅಡುಗೆ ಮಾಡುವವು ಬೇರೆ, ಉಣ್ಣುವವು ಬೇರೆ. ಕೆಲವು ಗಿಡದ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತವೆ. ಕೆಲವು ಅವುಗಳನ್ನೂ ಬ್ಯಾಕ್ಟೀರಿಯಾವನ್ನೂ ನುಂಗಿ ಬದುಕುತ್ತವೆ. ಯಾವುವು ಎಷ್ಟಿವೆ ಎಂದು ಎಣಿಸುವುದು ತಂಗಿಯ ಕೆಲಸ. ನೀಲಿ ಬೆಳಕು ಬಿಟ್ಟರೆ ಗಿಡದ ಹಸಿರು ಕೆಂಪಗೆ ಹೊಳೆಯುತ್ತದಂತೆ. ಒಳಗೆ ಕೆಂಪು ಕಂಡರೆ ಅಡುಗೆಯ ಕಡೆಗೆ, ಕಾಣದಿದ್ದರೆ ಉಣ್ಣುವ ಕಡೆಗೆ ಬರೆದುಕೊಂಡು ಹೋಗಿದ್ದಳು.

ಮೈಕ್ರೋಸ್ಕೋಪಿನಲ್ಲಿ ತೆಗೆದ ಹತ್ತು ಚಿತ್ರ ದಾಟುವುದರೊಳಗೆ ನನಗೆ ತಪ್ಪು ಕಂಡಿತು. ಒಂದೇ ಜಾತಿಯ ಜೀವಿ, ಆದರೆ ಒಂದರಲ್ಲಿ ಕೆಂಪು ಅಂಚಿಗಿದೆ, ಇನ್ನೊಂದರಲ್ಲಿ ನಡುವೆ ಇದೆ, ಮತ್ತೊಂದರಲ್ಲಿ ಚೂರು ಚೂರಾಗಿದೆ. ಸ್ವಂತದ್ದಾಗಿದ್ದರೆ ಎಲ್ಲದರಲ್ಲೂ ಒಂದೇ ಕಡೆ, ಒಂದೇ ಆಕಾರದಲ್ಲಿ ಇರಬೇಕಿತ್ತು. ಅದು ನುಂಗಿದ ಊಟ. ಉಣ್ಣುವವನ್ನು ಇವಳು ಅಡುಗೆಯವರ ಸಾಲಿಗೆ ಸೇರಿಸಿಬಿಟ್ಟಿದ್ದಳು.

ಇದು ನನಗೆ ದೊಡ್ಡ ಓದಿನಿಂದ ತಿಳಿದದ್ದಲ್ಲ. ಪ್ರತಿ ವರ್ಷ ಹಾರ್ಲಿಕ್ಸ್ ಬಾಟಲಿಯಲ್ಲಿ ಕೆರೆ ನೀರು ತಂದು ಮಕ್ಕಳಿಗೆ ತೋರಿಸುತ್ತೇನೆ. ಅಮೀಬಾದ ಒಳಗೆ ಹಸಿರು ಕಂಡ ಕೂಡಲೇ ಅರ್ಧ ಕ್ಲಾಸು ಅದನ್ನು ಸಸ್ಯ ಎಂದು ಬರೆಯುತ್ತದೆ. ಬಾಟಲಿಯನ್ನು ಎರಡು ದಿನ ಬೀರುವಿನ ಕತ್ತಲಲ್ಲಿಟ್ಟು ಮತ್ತೆ ತೋರಿಸುತ್ತೇನೆ. ನುಂಗಿದ ಹಸಿರು ಅಷ್ಟರಲ್ಲಿ ಕರಗಿರುತ್ತದೆ, ಸ್ವಂತದ್ದು ಉಳಿದಿರುತ್ತದೆ.

ಬಾಯಿ ತೆರೆದವಳು ಮುಚ್ಚಿಕೊಂಡೆ. ಚೆನ್ನಾಗೈತೆ ಅಂದೆ. ಹೋಗಲಿ, ದೊಡ್ಡವರ ಮುಂದೆ ಒಂದು ಸಲ ಮುಖಭಂಗ ಆಗಲಿ, ಆಗ ಗೊತ್ತಾಗುತ್ತದೆ ಅನ್ನಿಸಿತು. ಶುಕ್ರವಾರ ಶಾಲೆಯಲ್ಲಿ ಪಾಠ ಮಾಡುವಾಗಲೂ ಅದನ್ನೇ ನೆನೆದು ಖುಷಿಪಟ್ಟೆ. ಶನಿವಾರ ಸಿದ್ದರಬೆಟ್ಟ ಹತ್ತುವಾಗ ನನ್ನ ಮಂಡಿ ನೋಯುತ್ತದೆಂದು ಅವಳು ನನ್ನ ಚೀಲವನ್ನೂ ಹೊತ್ತಳು. ಆಗಲೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಸಂಜೆ ಅವಳಿಗೆ ಬಸ್ಸು. ಅಮ್ಮ ಮುದ್ದೆ ಬಡಿಸುತ್ತಾ, ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವರಿಗೆ ಚಿಕ್ಕವಳ ಹಡಗಿನ ಸುದ್ದಿ ಹೇಳುತ್ತಿದ್ದಳು. ಅವರು ನನ್ನ ಕಡೆ ನೋಡಿ ದೊಡ್ಡವಳೂ ಸೈನ್ಸೇ ಅಲ್ವಾ ಅಂದರು. "ಇವ್ಳಾ? ಇವ್ಳು ಇಲ್ಲೇ ಮಕ್ಕಳತ್ರ ನೋಟ್ಸ್ ಬರೆಸ್ಕೊಂಡು ಅವ್ಳೆ ಬುಡಿ," ಅಂದಳು ಅಮ್ಮ.

ನನಗೆ ಮೈಯೆಲ್ಲಾ ಉರಿದುಹೋಯಿತು. "ನೀನು ಅಡುಗೆಯವು ಅಂತ ಎಣಿಸಿರೋವು ಉಂಡು ಕೂತಿರೋವು ಕಣೇ," ಅಂದೆ ತಂಗಿಗೆ. "ಆ ಕೆಂಪು ಅವುಗಳ್ದಲ್ಲ, ನುಂಗಿದ್ದು. ಇಷ್ಟೂ ತಿಳೀದೋಳು ಹಡಗು ಹತ್ತುತಾಳಂತೆ."

ಅವಳು ಎಂಜಲು ಕೈಯಲ್ಲೇ ನನ್ನನ್ನು ನೋಡಿದಳು. ಕೈ ತೊಳೆದು ಲ್ಯಾಪ್‌ಟಾಪ್ ತೆರೆದಳು. ಒಂದು ಗಂಟೆ ಏಳಲಿಲ್ಲ. ಅತ್ತುಬಿಡುತ್ತಾಳೆ ಎಂದು ಕಾದೆ. ಅಳಲಿಲ್ಲ. ನಡುಮನೆಯಲ್ಲೇ ನಿಂತು, ನಮಗೆಲ್ಲ ಕೇಳಿಸುವ ಹಾಗೆ, ತನ್ನ ಮೇಲಿನವರಿಗೆ ಫೋನ್ ಮಾಡಿದಳು. "ಸರ್, ನಾನು ತಪ್ಪು ಎಣಿಸಿದೀನಿ. ನಾಳೆ ಒಪ್ಪಿಸಲ್ಲ. ನಮ್ಮಕ್ಕ ಕಂಡುಹಿಡಿದ್ರು. ಸೈನ್ಸ್ ಟೀಚರ್."

ಹಾಗಾದರೆ ಹಡಗು ಎಂದು ಅಮ್ಮ ಕೇಳಿದಳು. ಈ ಸಲ ಇಲ್ಲ ಕಣಮ್ಮ ಅಂದಳು, ಅಷ್ಟೇ.

ಆಮೇಲೆ ಚಾಪೆ ಹಾಸಿಕೊಂಡು ನನ್ನ ಎದುರು ಕೂತಳು. ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ ಕೆರೆ ನೀರಿನ ಬಾಟಲಿಯ ವಿಷಯ ಹೇಳಿದೆ. ಬಾಟಲಿಯನ್ನು ಎಷ್ಟು ದಿನ ಕತ್ತಲಲ್ಲಿಡುತ್ತೀಯ, ದಿನಾ ತೆಗೆದು ನೋಡುತ್ತೀಯ ಎಂದು ಒಂದೊಂದೇ ಕೇಳಿ, ನನ್ನ ಮಕ್ಕಳು ಬರೆದುಕೊಳ್ಳುವ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಚಿತ್ರಗಳೆಲ್ಲ ಲ್ಯಾಪ್‌ಟಾಪಿನಲ್ಲೇ ಇದ್ದವು. ಮತ್ತೆ ಎಣಿಸುವುದಷ್ಟೇ ಬಾಕಿ.

"ಗುರುವಾರವೇ ಕಂಡಿದ್ದಿದ್ರೆ ಇಲ್ಲೇ ಕೂತು ಎಲ್ಲಾ ಎಣಿಸ್ಬುಡ್ತಿದ್ದೆ ಕಣಕ್ಕ," ಅಂದಳು. "ನಂಗೆ ಕಾಣ್ಲೇ ಇಲ್ಲ ನೋಡು. ನಿಂಗೆ ಯಾವಾಗ ಕಾಣ್ತು?"

"ಈಗ," ಅಂದೆ. "ಉಣ್ಣೋವಾಗ."

ಅವಳು ನಂಬಿದಳು. ನಿನ್ನ ಕಣ್ಣು ಒಳ್ಳೆ ಕಣ್ಣಕ್ಕ ಅಂದು ಬಟ್ಟೆ ತುಂಬಿಕೊಳ್ಳಲು ಎದ್ದಳು.

ಹಡಗು ಅವಳನ್ನು ಬಿಟ್ಟು ಹೋಯಿತು. ಆಮೇಲೆ ಅಚ್ಚಾದ ಅವಳ ಲೇಖನದ ಕೊನೆಯಲ್ಲಿ ನನಗೆ ಕೃತಜ್ಞತೆ ಹೇಳಿದ್ದಾಳೆ. ಅಮ್ಮ ಈಗ ಮನೆಗೆ ಬಂದವರಿಗೆಲ್ಲ ಆ ಪುಟ ತೋರಿಸುತ್ತಾಳೆ, ನಾನು ಎದ್ದು ಒಳಗೆ ಹೋಗುತ್ತೇನೆ. ತಪ್ಪು ಮಾಡಿದೆ ಎಂದು ಹೇಳಲು ಅವಳಿಗೆ ಒಂದು ಗಂಟೆ ಸಾಕಾಯಿತು. ಗುರುವಾರ ಎಂದು ಹೇಳಲು ನನಗೆ ಒಂದು ವರ್ಷವಾದರೂ ಆಗಿಲ್ಲ. ಅವಳು ಫೋನ್ ಹಿಡಿದು ನಿಂತಿದ್ದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.