ಹುಳುಮನೆಯ ಹೊಸ್ತಿಲು

ಕುಡಿದು ಬಂದ ದಿನ ಅಪ್ಪ ಅವ್ವನ ಮೇಲೆ ಕೈ ಎತ್ತುತ್ತಿದ್ದ, ನನ್ನ ಮೇಲೂ. ಆದರೆ ಎಷ್ಟೇ ಏರಿರಲಿ, ಹುಳುಮನೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ರೇಷ್ಮೆ ಹುಳುವಿಗೆ ಬೀಡಿ, ಹೆಂಡದ ವಾಸನೆ ಆಗಿಬರುವುದಿಲ್ಲವೆಂದು ನಮ್ಮ ಕನಕಪುರದ ಕಡೆ ಮಕ್ಕಳಿಗೂ ಗೊತ್ತು. ಅಂಗಳದಲ್ಲೇ ತೂರಾಡುತ್ತ ನಿಂತು, "ಹುಳ ಹೆಂಗವೆ? ಜ್ವರ ಎದ್ವಾ?" ಎಂದು ಕೇಳುತ್ತಿದ್ದ. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಮ್ಮ ಮೈಮೇಲಿನ ಬಾಸುಂಡೆ ವಿಚಾರಿಸದವನು ಹುಳುವಿನ ಜ್ವರ ವಿಚಾರಿಸುತ್ತಿದ್ದ. ನನಗೆ ಹುಳುಗಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಸಂಜೆ ತಿರುವಿನಲ್ಲಿ ಅಪ್ಪನ ಮೊಪೆಡ್ ಸದ್ದು ಕೇಳಿದರೆ ಅವ್ವನದು ಒಂದೇ ಮಾತು: "ಹೋಗವ್ವ, ಹುಳಕ್ಕೆ ಸೊಪ್ಪು ಹಾಕೋಗು." ಸೊಪ್ಪು ಆಗಲೇ ಹಾಕಿ ಆಗಿರುತ್ತಿತ್ತು. ನಾನು ಪುಸ್ತಕ ಹಿಡಿದು ಒಳಗೆ ಹೋಗಿ ಕೂರುತ್ತಿದ್ದೆ. ಹುಳುಗಳು ಮೇಯುವ ಸದ್ದಿನಲ್ಲಿ ಹೊರಗಿನದು ಅರ್ಧ ಮುಚ್ಚಿಹೋಗುತ್ತಿತ್ತು, ಇನ್ನರ್ಧ ಕೇಳುತ್ತಿತ್ತು.

ಹತ್ತನೇ ತರಗತಿಗೆ ಬರುವ ಹೊತ್ತಿಗೆ ನನ್ನ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಶಾಲೆಯ ಮುಂದೆ ಯಾರದೋ ಮೊಪೆಡ್ ಹೋದರೂ ಎದೆ ಡವಡವ, ಅಂಗೈ ತಣ್ಣಗೆ. ಒಮ್ಮೆ ತರಗತಿಯಲ್ಲೇ ತಲೆ ತಿರುಗಿ ಬಿದ್ದೆ. ಸೋದರತ್ತೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಆ ಗಾಳಿ ದಿನಾ ಮೊಪೆಡ್ಡಿನಲ್ಲಿ ಬರುತ್ತದೆ ಎನ್ನೋಣವೆಂದರೆ, ಅದು ಅವರ ಒಡಹುಟ್ಟಿದ ತಮ್ಮ. ವಿಜ್ಞಾನದ ಮೇಡಂ ಮಾತ್ರ ಪಕ್ಕಕ್ಕೆ ಕರೆದು, "ಮನೇಲಿ ನೆಮ್ಮದಿಯಾಗಿ ಓದೋಕೆ ಜಾಗ ಇದೆಯಾ?" ಎಂದು ಕೇಳಿದರು.

"ಹುಳುಮನೆ ಐತೆ ಮೇಡಂ," ಎಂದೆ. ಅಲ್ಲಿ ಕೂತಾಗ ಮಾತ್ರ ಓದಿದ್ದು ತಲೆಗೆ ಹತ್ತುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಹುಳು ಹಣ್ಣಾಗಿ ಗೂಡು ಕಟ್ಟಿದವು. ಅಪ್ಪ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬಂದ. ಒಂದು ಬೆಳೆ ಮುಗಿದ ಮೇಲೆ ಹುಳುಮನೆ ತೊಳೆದು, ಔಷಧಿ ಹೊಡೆದು, ಕೆಲವು ದಿನ ಖಾಲಿ ಬಿಡಬೇಕು. ಇಲ್ಲದಿದ್ದರೆ ಹಳೆಯ ರೋಗ ಹೊಸ ಹುಳುವಿಗೆ ಅಂಟುತ್ತದೆ. ಹುಳುವಿಲ್ಲದಿದ್ದರೆ ಅಪ್ಪನಿಗೆ ಆ ಹೊಸ್ತಿಲೂ ಒಂದೇ, ಅಡುಗೆಮನೆಯ ಹೊಸ್ತಿಲೂ ಒಂದೇ. ನಾನು ರೂಢಿಯಂತೆ ಅಲ್ಲೇ ಓದುತ್ತ ಕೂತಿದ್ದೆ. ಮೊದಲ ಸಂಜೆಯೇ ಅಪ್ಪ ಒಳಗೆ ನುಗ್ಗಿ ನನ್ನ ಜಡೆ ಹಿಡಿದ.

ಮಾರನೆಯ ಬೆಳಿಗ್ಗೆ ಅವ್ವ ಹೋಗಿ ಎಳೆಯ ಚಾಕಿ ಹುಳು ತಂದುಬಿಟ್ಟಳು. ಊರೆಲ್ಲ ನಕ್ಕಿತು. ಕೇರಿಯ ಹೆಂಗಸರಿಗೆಲ್ಲ ಹುಳು ಸಾಕುವುದು ಹೇಳಿಕೊಟ್ಟವಳು ಅವಳೇ.

"ತಲೆಗಿಲೆ ಕೆಟ್ಟೈತಾ ನಿಂಗೆ? ಮನೆ ಇನ್ನೂ ಆರಿಲ್ಲ," ಎಂದು ಅಮಲಿಳಿದ ಅಪ್ಪ ಬೈದ.

"ಸೊಪ್ಪು ಬಲ್ತೋಯ್ತದೆ," ಎಂದಳು ಅವ್ವ, ಅಷ್ಟೇ.

ಅಂದಿನಿಂದ ಅಪ್ಪ ಮತ್ತೆ ಅಂಗಳದಲ್ಲೇ ನಿಂತ. ನಾನು ಓದಿದೆ. ಪರೀಕ್ಷೆಯ ನಡುವೆ ಹೊರಗೆ ಮೊಪೆಡ್ ಹೋದಾಗ ಪೆನ್ನು ನಿಂತಿತು, ಈಗಲೂ ಆ ಸದ್ದಿಗೆ ಕೈಲಿದ್ದ ಕೆಲಸ ನಿಲ್ಲುತ್ತದೆ. ಆದರೂ ಬರೆದೆ.

ಕೊನೆಯ ಪರೀಕ್ಷೆ ಮುಗಿಸಿ ಬಂದಾಗ ಅವ್ವ ಸತ್ತ ಹುಳುಗಳನ್ನು ಮಂಕರಿಗೆ ತುಂಬುತ್ತಿದ್ದಳು. ರೋಗ ತಗುಲಿ, ಮೈ ಊದಿ, ಬೆಳೆಯೆಲ್ಲ ಹೋಗಿತ್ತು. ಅಪ್ಪ ಜಗಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ, ಅವತ್ತು ಕುಡಿದಿರಲಿಲ್ಲ. ಅವನನ್ನು ಕಂಡು ಪಾಪ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಅವ್ವ ಯಾಕೆ ಹುಳು ತಂದಿದ್ದಳೆಂದು ಆಗ ಹೊಳೆದು ನಾನು ಬಿಕ್ಕಿ ಬಿಕ್ಕಿ ಅತ್ತೆ.

ಅವ್ವ ಮಂಕರಿಯನ್ನು ಗುಂಡಿಗೆ ಸುರಿದು ಕೈ ತೊಳೆದಳು.

"ಒಂದ್ ಬೆಳೆ ಹೋದ್ರೆ ಹೋಯ್ತದೆ ಬುಡು," ಎಂದಳು. "ಸರಿಯಾಗಿ ಬರ್ದೇನವ್ವ?"