ಸೇತುವೆಯ ತಿಥಿ

ಬ್ರೆಸ್ತಾಕ್ ಹಳ್ಳಿಯಲ್ಲಿ ಯಾರು ಸತ್ತರೂ ತಿಥಿಯ ಗೋಧಿ ಬೇಯಿಸುವವಳು ವೆಲಿಕಾ. ಕಾಳು ಬಿರಿಯಬೇಕು, ಆದರೆ ಒಂದಕ್ಕೊಂದು ಅಂಟಬಾರದು. ಬಿಳಿಯ ಬಟ್ಟೆಯ ಮೇಲೆ ಹರಡಿ, ನೀರಾರಿಸಿ, ಸಕ್ಕರೆ ಪುಡಿಯನ್ನೂ ಅಕ್ರೋಟಿನ ಪುಡಿಯನ್ನೂ ಬೆರೆಸಬೇಕು. ಆ ಹದ ಅವಳ ಕೈಗೆ ಮಾತ್ರ ಗೊತ್ತಿತ್ತು. ಸತ್ತವರ ಭಾವಚಿತ್ರವಿರುವ ಕಪ್ಪಂಚಿನ ಕಾಗದಗಳನ್ನು ಬೇಲಿಗೆ, ಬಾಗಿಲಿಗೆ, ಬಸ್ ನಿಲ್ದಾಣದ ಗೋಡೆಗೆ ಅಂಟಿಸುತ್ತಿದ್ದವಳೂ ಅವಳೇ. ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ವರ್ಷ ವರ್ಷಕ್ಕೂ ಒಂದು. ಈ ಕೆಲಸಕ್ಕೆ ಯಾರಿಂದಲೂ ಅವಳು ಒಂದು ಕಾಸನ್ನೂ ಮುಟ್ಟಿದವಳಲ್ಲ. ಹಾಗಾಗಿ ಅವಳ ಮಾತನ್ನು ಹಳ್ಳಿ ಎಂದೂ ತಳ್ಳಿಹಾಕಿರಲಿಲ್ಲ.

ಆ ನಂಬಿಕೆಯನ್ನೇ ಅವಳು ಲ್ಯುಬೆನ್ ಬೊಜಿಲೊವ್‌ಗೆ ಧಾರೆಯೆರೆದಳು.

ನೆರೆಯಲ್ಲಿ ಸೇತುವೆ ಕೊಚ್ಚಿಹೋಗಿತ್ತು. ಪೇಟೆಯ ಆಸ್ಪತ್ರೆ ಹೊಳೆಯಾಚೆ ಕೂಗಳತೆಯಲ್ಲಿದ್ದರೂ ಮೂವತ್ತು ಕಿಲೋಮೀಟರ್ ಸುತ್ತಬೇಕಾಗಿತ್ತು. ಮೇಯರ್ ಹುದ್ದೆಗೆ ನಿಂತ ಬೊಜಿಲೊವ್ ಹಳ್ಳಿಗೆ ಬಂದಾಗ ವೆಲಿಕಾ ರೊಟ್ಟಿ, ಉಪ್ಪು ಹಿಡಿದು ಎದುರುಗೊಂಡಳು. ಅವನು ರೊಟ್ಟಿ ಮುರಿದು, ಉಪ್ಪಿಗದ್ದಿ, ಬಾಯಿಗಿಟ್ಟು ಹೇಳಿದ: “ಬರೋ ಸಂತ ಜಾರ್ಜನ ಹಬ್ಬಕ್ಕೆ ನೀವೆಲ್ಲ ಸೇತುವೆ ಮೇಲೇ ನಡ್ಕೊಂಡು ಬರ್ತೀರ.”

ವೆಲಿಕಾ ಮನೆಮನೆಗೂ ಹೋಗಿ ಅವನಿಗಾಗಿ ಮತ ಕೇಳಿದಳು. “ನೀನೇ ಬಂದು ಕೇಳಿದ್ಮೇಲೆ ಇನ್ನೇನಕ್ಕ,” ಎಂದರು ಜನ.

ಅವನು ಗೆದ್ದ, ಉಪ್ಪು ತಿಂದ ಮನೆಗೆ ಎರಡು ಬಗೆದ. ಮೂರು ಹಬ್ಬಗಳು ಕಳೆದರೂ ಹೊಳೆಯಲ್ಲಿ ಮುರಿದ ಕಂಬಗಳೆರಡೇ ನಿಂತಿದ್ದವು. ಆ ಚಳಿಗಾಲದಲ್ಲಿ ವೆಲಿಕಾಳ ಗಂಡ ಸ್ಲಾವಿಗೆ ಎದೆನೋವು ಬಂತು. ಪಕ್ಕದ ಮನೆಯ ದಿಮೊ ತನ್ನ ಕಾರಿನಲ್ಲಿ ಸುತ್ತುದಾರಿ ಹಿಡಿದ. ಆಸ್ಪತ್ರೆಯ ಕೆಂಪು ಹೆಂಚು ಬಹಳ ಹೊತ್ತು ಕಿಟಕಿಯಲ್ಲಿ ಕಾಣುತ್ತಲೇ ಇತ್ತು. ಅರ್ಧ ದಾರಿಯಲ್ಲಿ ಸ್ಲಾವಿಯ ತಲೆ ಹೆಂಡತಿಯ ಹೆಗಲಿಗೆ ಒರಗಿತು, ಮತ್ತೆ ಏಳಲಿಲ್ಲ.

ಮೇಯರ್ ಕಳಿಸಿದ ಹೂಮಾಲೆಯನ್ನು ವೆಲಿಕಾ ಆಡಿಗೆ ಹಾಕಿದಳು. ಆಡು ಹೂ ತಿಂದಿತು, ಅವನ ಹೆಸರಿದ್ದ ಪಟ್ಟಿಯನ್ನು ಮೂಸಿ ಬಿಟ್ಟಿತು.

ಮತ್ತೆ ಚುನಾವಣೆ ಬಂತು, ಬೊಜಿಲೊವ್ ಬರುವನೆಂದು ಸುದ್ದಿಯೂ ಬಂತು. “ಕಲ್ಲು ಆರಿಸಿಡ್ಲಾ ಅಕ್ಕ?” ಎಂದ ದಿಮೊ.

“ಕಲ್ಲು ಯಾಕೋ? ಗೋಧಿ ನೆನೆಹಾಕಿದೀನಿ.”

ಬೊಜಿಲೊವ್ ಕಾರಿನಿಂದಿಳಿದಾಗ ಹೆಂಗಸರು ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ನಿಂತಿದ್ದರು. ವೆಲಿಕಾ ತಟ್ಟೆ ಚಾಚಿದಳು. ಸತ್ತವರ ಗೋಧಿಯನ್ನು ಬೇಡವೆನ್ನುವವರಿಲ್ಲ. ಅವನು ಶಿಲುಬೆಯ ಗುರುತು ಮಾಡಿ, ಒಂದು ಚಮಚ ಬಾಯಿಗೆ ಹಾಕಿಕೊಂಡು, “ಸತ್ತೋರನ್ನ ದೇವ್ರು ಕ್ಷಮಿಸ್ಲಿ. ಯಾರು ತೀರ್ಕೊಂಡಿದ್ದು ಅಕ್ಕ?” ಎಂದ.

“ಗುರುತು ಸಿಗ್ಲಿಲ್ವಾ? ನಿಮ್ದೇ ಕೂಸು!”

ಅವಳು ಪಕ್ಕಕ್ಕೆ ಸರಿದಳು. ಬಸ್ ನಿಲ್ದಾಣದ ಗೋಡೆಯ ಮೇಲೆ ಕಪ್ಪಂಚಿನ ಕಾಗದವಿತ್ತು, ಅದರಲ್ಲಿ ಆ ಎರಡು ಕಂಬಗಳ ಚಿತ್ರ. “ಬ್ರೆಸ್ತಾಕಿನ ಸೇತುವೆ. ಜನನ: ಚುನಾವಣೆಯ ಭಾಷಣದಲ್ಲಿ. ಮರಣ: ಮತ ಎಣಿಸಿದ ದಿನ. ದುಃಖತಪ್ತ ತಂದೆ: ಲ್ಯುಬೆನ್ ಬೊಜಿಲೊವ್. ಸಂಗಡ ಹೋದವನು: ಸ್ಲಾವಿ.”

“ಸೋಫಿಯಾದ ಸರ್ಕಾರದಿಂದ ದುಡ್ಡೇ ಬರ್ಲಿಲ್ಲ ಅಕ್ಕ, ನಾನೇನು...”

“ಮೊದ್ಲು ಬಾಯಲ್ಲಿರೋದನ್ನ ನುಂಗಿ.”

ಅವನಿಗೆ ನುಂಗಲಾಗಲಿಲ್ಲ. “ಗಂಟಲಿಗೆ ಅಂಟ್ಕೊಂತಾ ಸಾಹೇಬ್ರೆ?” ಎಂದ ದಿಮೊ. “ನಮ್ಮಕ್ಕನ ಗೋಧಿ ಅಂಟೋದೇ ಇಲ್ವಲ್ಲ!” ಯಾರೋ ಕಿಸಕ್ಕೆಂದರು, ಮರುಕ್ಷಣ ಊರೇ ನಕ್ಕಿತು. ಕಾರು ಬಂದ ದಾರಿಯಲ್ಲೇ ಹಿಂದಿರುಗಿತು.

ವೆಲಿಕಾ ಅಷ್ಟಕ್ಕೇ ಬಿಡಲಿಲ್ಲ. ಹಿಂದೆ ತಟ್ಟಿದ್ದ ಬಾಗಿಲುಗಳನ್ನೆಲ್ಲ ಇನ್ನೊಮ್ಮೆ ತಟ್ಟಿದಳು. “ಆವತ್ತು ನಾನು ಹೇಳಿದ್ದು ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ. ಆದ್ರೆ ಅವ್ನಿಗೆ ಒಂದೇ ಒಂದು ಮತಾನೂ ಬೀಳಬಾರ್ದು,” ಎಂದಳು.

ಬೊಜಿಲೊವ್ ಸೋತ. ಆದರೆ ಬ್ರೆಸ್ತಾಕಿನ ಪೆಟ್ಟಿಗೆಯಲ್ಲಿ ಅವನ ಹೆಸರಿಗೆ ಒಂದು ಮತ ಬಿದ್ದಿತ್ತು. ಬೊಜಿಲೊವ್‌ನ ಕೈಯಿಂದ ಮಗನಿಗೆ ಪುರಸಭೆಯಲ್ಲಿ ಕೆಲಸ ಕೊಡಿಸಿಕೊಂಡಿದ್ದ ಗೆಂಚೊ ಅಂದು ಸಂಜೆ ಯಾರ ಮುಖವನ್ನೂ ನೋಡಲಿಲ್ಲ.

ಮರುವರ್ಷ ಗೆಂಚೊನ ತಾಯಿ ತೀರಿಕೊಂಡಳು. ಅವನು ಟೋಪಿ ಕೈಯಲ್ಲಿ ಹಿಡಿದು ವೆಲಿಕಾಳ ಬೇಲಿಯ ಹೊರಗೆ ಬಹಳ ಹೊತ್ತು ನಿಂತ. ಒಳಗೆ ಒಲೆ ಉರಿಯುತ್ತಿತ್ತು, ಬಾಗಿಲು ತೆರೆಯಲಿಲ್ಲ. ಬ್ರೆಸ್ತಾಕಿನಲ್ಲಿ ಮೊದಲ ಬಾರಿಗೆ ಒಂದು ತಿಥಿಯ ಗೋಧಿ ಮುದ್ದೆಯಾಯಿತು.