ಬಿಡ್ತು ಅನ್ನುವ ಗೀಟು

ಬ್ಯಾಕ್‌ಸ್ಲ್ಯಾಷ್ ಎಂಬ ಓರೆಗೀಟಿನ ಮೇಲೆ ನನಗೆ ಪ್ರೀತಿ ಹುಟ್ಟಿದೆ. ಪ್ರೀತಿಸಲು ನಿಮಗೆ ಬೇರೇನೂ ಸಿಗಲಿಲ್ಲವೇ ಎಂದು ಕೇಳಬೇಡಿ. ಕೀಲಿಮಣೆಯ ಮೂಲೆಯಲ್ಲಿ, ಬಸ್ಸಿಗೆ ಕಾದು ಸುಸ್ತಾದವರ ಹಾಗೆ ಹಿಂದಕ್ಕೆ ವಾಲಿಕೊಂಡು ನಿಂತಿರುವ ಅದನ್ನು ನಾನೂ ಬಹಳ ಕಾಲ ಕಣ್ಣೆತ್ತಿ ನೋಡಿರಲಿಲ್ಲ.

ನಾನು ಏನು ಬರೆದರೂ ಸಾದಾ ಅಕ್ಷರಗಳಲ್ಲೇ ಬರೆಯುವ ಗೀಳಿನವನು. ಅಲಂಕಾರವನ್ನೆಲ್ಲ ಚಿಹ್ನೆ ನೋಡಿ ಕಂಪ್ಯೂಟರೇ ಮಾಡಿಕೊಳ್ಳುತ್ತದೆ: ಪದದ ಆಚೀಚೆ ನಕ್ಷತ್ರ ಹಾಕಿದರೆ ಅದು ದಪ್ಪಕ್ಷರವಾಗುತ್ತದೆ. ನೆಟ್ಟನೆಯ ಗೀಟು ಹಾಕಿದರೆ ಗೋಡೆ ಎದ್ದು ಕಾಲಂ ಆಗುತ್ತದೆ. ನಕ್ಷತ್ರ ನಕ್ಷತ್ರವಾಗಿ, ಗೀಟು ಗೀಟಾಗಿಯೇ ಕಾಣಬೇಕಾದರೆ ಮೊದಲು ಒಂದು ಓರೆಗೀಟು ಹಾಕಬೇಕು. ಅದು ಪಕ್ಕದ ಚಿಹ್ನೆಯ ಶಕ್ತಿಯನ್ನು ತಡೆದು, ತಾನು ಮಾತ್ರ ಅಚ್ಚಿನಲ್ಲಿ ಕಾಣದೆ ಸರಿದುಹೋಗುತ್ತದೆ. ಇಷ್ಟು ದೊಡ್ಡ ಮನಸ್ಸು ನಮ್ಮ ನೆಂಟರಲ್ಲಿ ಯಾರಿಗೂ ಇಲ್ಲ.

ಹಿರಿಯೂರಿನ ದೊಡ್ಡಪ್ಪನ ಮಗಳ ಲಗ್ನಪತ್ರಿಕೆಯನ್ನೂ ಹೀಗೆಯೇ ಬರೆದೆ. ಆಹ್ವಾನಿಸುವವರ ಹೆಸರಿಗೆ ಎರಡು ಕಾಲಂ. ಒಂದರಲ್ಲಿ ದೊಡ್ಡಪ್ಪ ತಿಪ್ಪೇಸ್ವಾಮಿ, ಪಕ್ಕದಲ್ಲಿ ತೀರಿಕೊಂಡ ಅವರಣ್ಣ ಹನುಮಂತಪ್ಪ. ದಿವಂಗತರ ಹೆಸರಿಗೆ ನಾವು ‘ದಿ’ ಎಂದು ಬರೆದು ಎರಡು ನೆಟ್ಟನೆಯ ಗೀಟು ಹಾಕುತ್ತೇವಲ್ಲ, ಅವನ್ನು ಕಂಪ್ಯೂಟರ್ ಗೋಡೆಯೆಂದೇ ತಿಳಿಯಿತು. ಹನುಮಂತಪ್ಪನವರು ಗೋಡೆಯಾಚೆ ಬಿದ್ದು ಕಾಗದದಿಂದಲೇ ಮಾಯವಾದರು. ಅವರ ‘ದಿ’ ಮಾತ್ರ ಉಳಿದು, ಬದುಕಿರುವ ತಮ್ಮನ ಹೆಸರಿಗೆ ಅಂಟಿಕೊಂಡಿತು.

ದೊಡ್ಡಪ್ಪ ಹೃದಯದ ಆಪರೇಷನ್ ಮಾಡಿಸಿಕೊಂಡು ಆಗಷ್ಟೇ ಮನೆಗೆ ಬಂದಿದ್ದರು. ಅವರು ಕೆಮ್ಮಿದರೂ ದೊಡ್ಡಮ್ಮ ಅಡುಗೆಮನೆಯಿಂದ ಓಡಿಬರುವ ದಿನಗಳು. ಕನ್ನಡಕ ಹಾಕಿಕೊಂಡು ಪ್ರೂಫ್ ಓದಿದ ದೊಡ್ಡಮ್ಮ ಕಾಗದವನ್ನು ನನ್ನ ಮುಖಕ್ಕೇ ಹಿಡಿದರು.

“ಲೇ, ಏನ್ಲಾ ಬರ್ದೀಯ! ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು!”

“ಬಿಡ್ತು ದೊಡ್ಡಮ್ಮ,” ಎಂದೆ.

ಓರೆಗೀಟು ಕಂಪ್ಯೂಟರಿನವರ ಆವಿಷ್ಕಾರ ಎಂದುಕೊಂಡಿದ್ದೆ. ನಮ್ಮ ಮನೆಗಳಲ್ಲಿ ‘ಬಿಡ್ತು’ ಎಂಬ ಪದ ಎಂದಿನಿಂದಲೂ ಅದೇ ಕೆಲಸ ಮಾಡುತ್ತಿದೆ: ಆಡಿದ ಮಾತು ಮಾತಾಗಿಯೇ ಉಳಿಯಲಿ, ನಿಜವಾಗದಿರಲಿ. ದೊಡ್ಡಮ್ಮನಂತೂ ಈ ವಿದ್ಯೆಯಲ್ಲಿ ಪಂಡಿತೆ. ಅಕ್ಕಿ ಮುಗಿದರೆ ‘ಹೆಚ್ಚೈತೆ’ ಅನ್ನುತ್ತಾರೆ. ಗಂಡನ ಹೆಸರು ಹೇಳಬಾರದೆಂದು ಹಿತ್ತಿಲ ತಿಪ್ಪೆಯನ್ನೂ ತಿಪ್ಪೆ ಅನ್ನುವುದಿಲ್ಲ. ಅವರಿಗದು ‘ಗೊಬ್ಬರದ ಗುಡ್ಡೆ’. ತಿಪ್ಪೆ ತಿಪ್ಪೆಯಾಗಿ ಮಾತ್ರ ಕೇಳಿಸದೆ ಯಜಮಾನರಾಗಿಯೂ ಕೇಳಿಸಿಬಿಟ್ಟರೆ ಎಂಬ ಭಯ. ಸಾಫ್ಟ್‌ವೇರ್ ಬರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಕೇಳಿದ ಕೂಡಲೇ ತಲೆಯಾಡಿಸುತ್ತಾರೆ.

ದೊಡ್ಡಮ್ಮನ ಎದುರೇ ತಿದ್ದಲು ಕೂತೆ. ‘ದಿ’ ಪಕ್ಕದ ಗೀಟುಗಳಿಗೆ ಓರೆಗೀಟು ಹಾಕಿದೆ. ಹನುಮಂತಪ್ಪನವರು ತಮ್ಮ ‘ದಿ’ ಸಮೇತ ಸ್ವಸ್ಥಾನಕ್ಕೆ ಮರಳಿದರು.

“ಆ ಗೀಟು ಏನ್ ಮಾಡ್ತೈತೆ?”

“ಪಕ್ಕದ್ದಕ್ಕೆ ಬಿಡ್ತು ಅಂತೈತೆ, ದೊಡ್ಡಮ್ಮ.”

ಅವರು ಪರದೆಯ ಮೇಲೆ ದೊಡ್ಡಪ್ಪನ ಹೆಸರಿನತ್ತ ಬೆರಳು ಮಾಡಿದರು. “ಹಂಗಾರೆ ಇವ್ರ ಹೆಸ್ರಿಗೂ ಒಂದು ಹಾಕು.”

“ಇವ್ರ ಹೆಸ್ರಲ್ಲಿ ತಡೆಯೋಂಥ ಚಿಹ್ನೆ ಏನೂ ಇಲ್ವಲ್ಲ.”

“ಹೆಸ್ರಿಗಲ್ಲಪ್ಪ, ಮನುಷ್ಯಂಗೆ.”

ಕಾಣಿಸದ ಗೀಟನ್ನು ಅವರು ನಂಬುವ ಹಾಗಿರಲಿಲ್ಲ. ಓರೆಗೀಟನ್ನೇ ಅಚ್ಚಿನಲ್ಲಿ ಕಾಣಿಸಬೇಕಾದರೆ ಅದಕ್ಕೂ ಮೊದಲು ಇನ್ನೊಂದು ಓರೆಗೀಟು ಬೇಕು. ಎರಡು ಹಾಕಿದೆ; ಒಂದು ಮರೆಯಾಯಿತು, ಒಂದು ತಿಪ್ಪೇಸ್ವಾಮಿಯ ಹೆಸರಿಗೆ ಒರಗಿಕೊಂಡು ನಿಂತಿತು.

ಪತ್ರಿಕೆಗಳು ಊರೂರಿಗೆ ಹೋದವು. ಮೂರನೆಯ ದಿನವೇ ರಾಮಗಿರಿಯಿಂದ ನೆಂಟರ ಫೋನು. ದೊಡ್ಡಪ್ಪನೇ ಎತ್ತಿ ಸ್ಪೀಕರಿಗೆ ಹಾಕಿದರು.

“ಪತ್ರಿಕೇಲಿ ನಿಮ್ಮ ಹೆಸ್ರಿಗೆ ಅದೇನೋ ಗೀಟು ಬಿದ್ದೈತಲ್ರಿ, ಅಚ್ಚಿನ ತಪ್ಪಾ?”

ದೊಡ್ಡಪ್ಪ ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಪಾತ್ರೆಗಳ ಸದ್ದು ನಿಂತಿತ್ತು.

“ತಪ್ಪಲ್ಲಪ್ಪ,” ಎಂದರು. “ನಮ್ಮನೆಯವ್ಳು ಹಾಕ್ಸವ್ಳೆ. ಅದ್ಕೇ ಫೋನ್ ಎತ್ತೋಕೆ ನಾನಿನ್ನೂ ಇದ್ದೀನಿ.”